ಹಳ್ಳದ ಮರಳಿನಲ್ಲಿ ಚಿನ್ನ ಸಿಗುವುದು ನಿಜವೇ? ಕಪ್ಪತಗುಡ್ಡದ ಜಲಗಾರರು ಮತ್ತು ನಿಮಗೆ ಬಂದ ಆ ವಿಡಿಯೊ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇಂಥದ್ದೊಂದು ವಿಡಿಯೊ ಬಂದಿರಬಹುದು. ಯಾವುದೋ ಹಳ್ಳದಲ್ಲಿ ಒಬ್ಬಾತ ಮೊಣಕಾಲುದ್ದ ನೀರಿನಲ್ಲಿ ಕೂತು ಬಾಣಲೆಯಂಥ ಪಾತ್ರೆಯಲ್ಲಿ ಮರಳು ತಿರುಗಿಸುತ್ತಿರುತ್ತಾನೆ. ಮರಳೆಲ್ಲ ಹೋಗಿ ತಳದಲ್ಲಿ ಹಳದಿ ಪುಡಿ ಮಿನುಗುತ್ತದೆ. ಮೇಲೆ ಕನ್ನಡದಲ್ಲಿ ಬರಹ: ‘ನಮ್ಮ ಹಾವೇರಿ ಜಿಲ್ಲೆಯ ಹಳ್ಳದಲ್ಲಿ ಚಿನ್ನ! ಸರ್ಕಾರ ಮುಚ್ಚಿಟ್ಟ ಸತ್ಯ! ಎಲ್ಲರಿಗೂ ಶೇರ್ ಮಾಡಿ’. ಕೆಳಗೊಂದು ಫೋನ್ ನಂಬರು.

ಶಿಗ್ಗಾವಿ ತಾಲ್ಲೂಕಿನ ದುಂಡಸಿ ನಮ್ಮ ತಂಡದ ಒಬ್ಬರ ತಾಯಿಯ ತವರು. ಅಲ್ಲಿನ ಅವರ ಸೋದರಮಾವ ಈ ವಿಡಿಯೊ ಕಳಿಸಿ ಕೇಳಿದ್ದು ಇಷ್ಟೇ: “ಅಳಿಯಾ, ಇದು ಖರೇ ಐತೇನು? ಖರೇ ಇದ್ರ ಆ ಮಶಿನ್ನಿಗೆ ರೊಕ್ಕ ಹಾಕ್ತೀನಿ.” ಆ ನಂಬರಿಗೆ ಫೋನ್ ಮಾಡಿದರೆ ‘ಭೂಮಿಯೊಳಗಿನ ಬಂಗಾರ ತೋರಿಸುವ ಮಶಿನ್’ ಮಾರುತ್ತಾರಂತೆ. ಮುಂಗಡ 8,000 ರೂಪಾಯಿ. “ಮಾಮಾ, ಎರಡ ದಿನ ತಡೀರಿ” ಎಂದು ಹೇಳಿ ನಾವು ಓದಲು ಕೂತೆವು.

ಮೊದಲೇ ಹೇಳಿಬಿಡುತ್ತೇವೆ. ವಿಡಿಯೊದಲ್ಲಿ ಇರುವುದು ನಮ್ಮ ಜಿಲ್ಲೆಯ ಹಳ್ಳ ಎನ್ನುವುದಕ್ಕೆ ಅದರಲ್ಲಿ ಒಂದೂ ಗುರುತಿಲ್ಲ. ಮಾತು, ಬೋರ್ಡು, ಬಸ್ಸು ಏನೂ ಕಾಣುವುದಿಲ್ಲ. ಆದರೆ ನಮ್ಮ ಸೀಮೆಯ ಹಳ್ಳದ ಮರಳಿನಲ್ಲಿ ಚಿನ್ನ ಇದೆ ಎನ್ನುವ ಮಾತು ಮಾತ್ರ ಸುಳ್ಳಲ್ಲ. ಫಾರ್ವರ್ಡಿನ ಅಪಾಯ ಇರುವುದೂ ಅಲ್ಲೇ. ಪೂರ್ತಿ ಸುಳ್ಳಾಗಿದ್ದರೆ ಮಾಮಾ ನಂಬುತ್ತಲೇ ಇರಲಿಲ್ಲ.

ಜಲಗಾರ ಅಂದರೆ ಯಾರು?

ಜಲಗಾರ ಎಂದ ಕೂಡಲೇ ಓದಿದವರಿಗೆ ಕುವೆಂಪು ಅವರ ನಾಟಕ ನೆನಪಾಗುತ್ತದೆ. ಅಲ್ಲಿ ಜಲಗಾರ ಎಂದರೆ ಬೀದಿ ಗುಡಿಸುವವನು. ಆ ಪದಕ್ಕೆ ಇನ್ನೊಂದು ಅರ್ಥವೂ ಇತ್ತು: ಮಣ್ಣು, ಮರಳು, ಬೂದಿ ತೊಳೆದು ಚಿನ್ನದ ಕಣ ತೆಗೆಯುವವನು. ಧಾರವಾಡ ಸೀಮೆಯ ಬ್ರಿಟಿಷ್ ಕಾಲದ ದಾಖಲೆಗಳಲ್ಲಿ ‘ಜಲಗಾರ’ರು ಕಾಣುವುದು ಈ ಅರ್ಥದಲ್ಲೇ. ಮಳೆಗಾಲ ಮುಗಿದ ಮೇಲೆ ಹಳ್ಳದ ಮರಳು ತೊಳೆಯುವುದು, ಉಳಿದ ದಿನ ಪತ್ತಾರರ ಅಂಗಡಿಯ ಕಸ, ಕುಲುಮೆಯ ಬೂದಿ ಕೊಂಡು ತೊಳೆಯುವುದು ಅವರ ಕಸುಬು. ಗುಡಿಸುವವನಿಗೂ ಚಿನ್ನ ತೊಳೆಯುವವನಿಗೂ ಒಂದೇ ಹೆಸರು ಯಾಕೆ ಎಂದು ಈಗ ಹೊಳೆಯಿತಲ್ಲ? ಇಂದಿಗೂ ದೊಡ್ಡ ಊರುಗಳ ಚಿನಿವಾರಪೇಟೆಗಳಲ್ಲಿ ಬೆಳಗಿನ ಜಾವ ಗಟಾರದ ಮಣ್ಣು ತುಂಬಿಕೊಂಡು ಹೋಗಿ ತೊಳೆಯುವವರಿದ್ದಾರೆ.

ಜಲಗಾರರ ಮುಖ್ಯ ನೆಲೆ ಕಪ್ಪತಗುಡ್ಡ. ಶಿಗ್ಗಾವಿಯಿಂದ ಲಕ್ಷ್ಮೇಶ್ವರ, ಶಿರಹಟ್ಟಿ ದಾಟಿ ಪೂರ್ವಕ್ಕೆ ಹೋದರೆ ಎದುರಾಗುವ ಬೆಟ್ಟಸಾಲು ಅದು. ಇಂಗ್ಲಿಷರು ಅದನ್ನು ಡಂಬಳ ಗುಡ್ಡಗಳು ಎಂದು ಕರೆದರು. ಸೊರಟೂರು, ಡೋಣಿ, ಅತ್ತಿಕಟ್ಟಿ ಆ ಸುತ್ತಿನ ಊರುಗಳು. ಹಾವೇರಿ ಜಿಲ್ಲೆಯ ಒಳಗೆ ಹಿರೇಕೆರೂರು ಕಡೆಯ ಚಿನ್ನಮುಳಗುಂದದ ಹೆಸರೂ 19ನೇ ಶತಮಾನದ ಬರಹಗಳಲ್ಲಿ ಮರಳಿನ ಚಿನ್ನದ ಊರುಗಳ ಸಾಲಿನಲ್ಲಿ ಬರುತ್ತದೆ. (ಊರ ಹೆಸರಲ್ಲಿ ಚಿನ್ನ, ಹೊನ್ನು ಇದ್ದ ಮಾತ್ರಕ್ಕೆ ನೆಲದಲ್ಲಿ ಚಿನ್ನ ಇದೆ ಅಂತಲ್ಲ. ಹೊನ್ನಾಳಿ ಸೀಮೆಯ ಕುದುರೆಕೊಂಡದ ಬಳಿ ಚಿನ್ನಕ್ಕಾಗಿ ಅಗೆದದ್ದು ನಿಜ. ಹೊನ್ನಾವರಕ್ಕೂ ಹಾಗೇ ಎಂದುಕೊಂಡು ಹೋದರೆ ಸಿಗುವುದು ಮೀನು.)

ಚಿನ್ನ ಹಳ್ಳಕ್ಕೆ ಬಂದದ್ದು ಹೇಗೆ?

ಗದಗದಿಂದ ಚಿತ್ರದುರ್ಗದ ಕಡೆಗೆ ಉದ್ದಕ್ಕೆ ಚಾಚಿದ ಹಳೆಯ ಶಿಲೆಗಳ ಪಟ್ಟಿಯೊಂದಿದೆ. ಅದರ ಬಡಗಣ ತುದಿಯೇ ಕಪ್ಪತಗುಡ್ಡ. ಅದರ ಪಶ್ಚಿಮಕ್ಕೆ ಧಾರವಾಡದಿಂದ ಹಾವೇರಿ ಮೇಲೆ ಶಿವಮೊಗ್ಗದವರೆಗೆ ಇನ್ನೊಂದು ಪಟ್ಟಿ. ದುಂಡಸಿ, ಶಿಗ್ಗಾವಿ, ಹಾನಗಲ್ಲಿನ ನೆಲ ಈ ಎರಡನೆಯದರ ಮೇಲೆ ಕೂತಿದೆ. ಎರಡೂ ಸುಮಾರು 250ರಿಂದ 300 ಕೋಟಿ ವರ್ಷ ಹಳೆಯವು. ಸಮುದ್ರದಡಿ ಹರಿದ ಲಾವಾ, ಅದರ ಮೇಲೆ ಕೂತ ಕೆಸರು, ಆಮೇಲೆ ಶಾಖ ಮತ್ತು ಒತ್ತಡ ಸೇರಿ ಆದ ಕಲ್ಲುಗಳು ಇವು. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಇವಕ್ಕೆ ಇರುವ ಹೆಸರು ‘ಧಾರವಾಡ ಶಿಲೆಗಳು’. ಪೇಡೆಗಿಂತ ಮೊದಲೇ ಧಾರವಾಡ ಪ್ರಸಿದ್ಧವಾದದ್ದು ಕಲ್ಲಿನಿಂದ ಎಂದರೆ ಧಾರವಾಡದವರು ಒಪ್ಪಲಿಕ್ಕಿಲ್ಲ.

ಆ ಶಿಲೆಗಳು ಬಿರಿದಾಗ ಆಳದಿಂದ ಬಿಸಿನೀರು ಬಿರುಕುಗಳಲ್ಲಿ ಮೇಲೇರಿತು. ಆ ನೀರಿನಲ್ಲಿ ಸಿಲಿಕ ಕರಗಿತ್ತು, ಗಂಧಕದ ಜೊತೆ ಅತ್ಯಲ್ಪ ಚಿನ್ನವೂ ಕರಗಿತ್ತು. ನೀರು ಆರಿದಂತೆ ಸಿಲಿಕ ಬಿಳಿ ಬೆಣಚುಕಲ್ಲಾಗಿ ಬಿರುಕು ತುಂಬಿತು, ಚಿನ್ನ ಅದರೊಳಗೆ ಕಣಗಳಾಗಿ ಸಿಕ್ಕಿಕೊಂಡಿತು. ಕೋಲಾರ, ರಾಯಚೂರು ಜಿಲ್ಲೆಯ ಹಟ್ಟಿ, ಗದಗ ಎಲ್ಲ ಕಡೆಯೂ ಕತೆ ಹೆಚ್ಚುಕಡಿಮೆ ಇದೇ. ಭೂಮಿಯ ಹೊರಪದರದ ಸಾಮಾನ್ಯ ಕಲ್ಲಿನಲ್ಲಿ ಟನ್ನಿಗೆ ಸರಾಸರಿ 0.004 ಗ್ರಾಂ ಚಿನ್ನ ಇರುತ್ತದೆ. ಗಣಿ ಎನಿಸಿಕೊಳ್ಳಬೇಕಾದರೆ ಪ್ರಕೃತಿ ಅದನ್ನು ನೂರಾರು ಪಟ್ಟು ಒಂದೆಡೆ ಕೂಡಿಸಿರಬೇಕು. ಬಿಸಿನೀರು ಮಾಡಿದ್ದು ಆ ಕೆಲಸವನ್ನೇ.

ಆಮೇಲೆ ಕೋಟ್ಯಂತರ ವರ್ಷಗಳ ಬಿಸಿಲು, ಮಳೆ. ಬೆಣಚುಕಲ್ಲು ಒಡೆದು ಚೂರಾಯಿತು. ಚಿನ್ನ ತುಕ್ಕು ಹಿಡಿಯುವುದಿಲ್ಲ, ಮಳೆನೀರಿಗೆ ಸುಲಭವಾಗಿ ಕರಗುವುದೂ ಇಲ್ಲ. ಹಾಗಾಗಿ ಕಲ್ಲು ಮಣ್ಣಾದರೂ ಚಿನ್ನ ಚಿನ್ನವಾಗಿಯೇ ಉಳಿದು, ಮಳೆನೀರಿನ ಜೊತೆ ಜಾರಿ ಹಳ್ಳ ಸೇರಿತು. ಹೀಗೆ ಹರಿದು ಬಂದು ಮರಳಿನಲ್ಲಿ ಕೂತ ಚಿನ್ನಕ್ಕೆ ಪ್ಲೇಸರ್ ಚಿನ್ನ ಎನ್ನುತ್ತಾರೆ. ನಾವು ಮೆಕ್ಕಲು ಚಿನ್ನ ಎನ್ನಬಹುದು.

ಮರಳಿನಿಂದ ಅದನ್ನು ಬೇರೆ ಮಾಡುವ ವಿದ್ಯೆ ನಿಮ್ಮ ಮನೆಯಲ್ಲೇ ಇದೆ. ಅಮ್ಮ ಅಕ್ಕಿ ಜಾಲಿಸಿ ಕಲ್ಲು ತೆಗೆಯುವುದನ್ನು ನೋಡಿದ್ದೀರಲ್ಲ? ಪಾತ್ರೆಯನ್ನು ಓರೆ ಮಾಡಿ ತಿರುಗಿಸಿದರೆ ಅಕ್ಕಿ ನೀರಿನೊಂದಿಗೆ ಮುಂದೆ ಸರಿಯುತ್ತದೆ, ಭಾರದ ಕಲ್ಲು ಹಿಂದೆ ಉಳಿಯುತ್ತದೆ. ಜಲಗಾರನ ಮರದ ಮರಿಗೆಯಲ್ಲಿ ಆಗುವುದೂ ಇದೇ. ಮರಳಿನ ಬೆಣಚುಕಲ್ಲು ನೀರಿನ 2.65 ಪಟ್ಟು ಭಾರ, ಚಿನ್ನ 19.3 ಪಟ್ಟು. ಅಂದರೆ ಒಂದೇ ಗಾತ್ರದ ಕಣಗಳಲ್ಲಿ ಚಿನ್ನದ್ದು ಏಳು ಪಟ್ಟು ಹೆಚ್ಚು ತೂಕ. ನೀರಿನೊಳಗೆ ಈ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ, ಯಾಕೆಂದರೆ ನೀರು ಎರಡನ್ನೂ ಸಮನಾಗಿ ಮೇಲಕ್ಕೆತ್ತುತ್ತದೆ: 19.3ರಲ್ಲಿ ಒಂದು ಹೋದರೆ 18.3, 2.65ರಲ್ಲಿ ಒಂದು ಹೋದರೆ 1.65. ಭಾಗಿಸಿ ನೋಡಿ, ಹನ್ನೊಂದು ಪಟ್ಟು. ಕೊನೆಗೆ ಮರಿಗೆಯ ತಳದಲ್ಲಿ ಉಳಿಯುವುದು ಕರಿಮರಳು. ಅದು ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರಿನ ಪುಡಿ. ಆ ಕಪ್ಪಿನ ಅಂಚಿನಲ್ಲಿ, ಅದೃಷ್ಟವಿದ್ದರೆ, ಸಾಸಿವೆಗಿಂತ ಎಷ್ಟೋ ಸಣ್ಣದಾದ ಹಳದಿ ಚುಕ್ಕೆ.

ಜಲಗಾರರು ಎಲ್ಲೆಂದರಲ್ಲಿ ಮರಳು ತೋಡುತ್ತಿರಲಿಲ್ಲ. ಹಳ್ಳ ತಿರುವಿಕೊಳ್ಳುವ ಕಡೆ ಒಳಮಗ್ಗುಲು, ದೊಡ್ಡ ಬಂಡೆಯ ಹಿಂಬದಿ, ತಳದ ಹಾಸುಗಲ್ಲಿನ ಸಂದು, ಹೀಗೆ ನೀರಿನ ಓಟ ತಗ್ಗುವ ಜಾಗದಲ್ಲಿ ಭಾರದ ವಸ್ತು ಕೂರುತ್ತದೆ. ಒಂದು ದೊಡ್ಡ ಮಳೆ ಬಂದರೆ ಗುಡ್ಡದಿಂದ ಹೊಸ ಮಣ್ಣು ಇಳಿದು ಅದೇ ಸಂದುಗಳಲ್ಲಿ ಮತ್ತೆ ಒಂದಿಷ್ಟು ಕಣ. ಅವರದು ಬೆಳೆಯಂತೆ ವರ್ಷಕ್ಕೊಮ್ಮೆ ಕೈಗೆ ಬರುವ ಫಸಲು.

1874ರಲ್ಲಿ ಒಬ್ಬ ವಿಜ್ಞಾನಿ ಬಂದು ನೋಡಿದ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿರುತ್ತಾರೆ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಕೊಡಲಿ ಗುರುತಿಸಿದವರು ಇವರೇ. ಮೇಲೆ ಹೇಳಿದ ಶಿಲೆಗಳಿಗೆ ಧಾರವಾಡದ ಹೆಸರಿಟ್ಟವರೂ ಇವರೇ. ಡಂಬಳ ಗುಡ್ಡಗಳ ಚಿನ್ನದ ಬಗ್ಗೆ ಇವರ ವರದಿ 1874ರಲ್ಲಿ ಪ್ರಕಟವಾಯಿತು.

ಫೂಟ್ ಮಾಡಿದ ಕೆಲಸ ನಮಗೆ ಬಹಳ ಹಿಡಿಸಿತು. ಅವರು ಮೊದಲು ಗುಡ್ಡ ಅಗೆಯಲಿಲ್ಲ. ಯಾವ ಹಳ್ಳದಲ್ಲಿ ಚಿನ್ನ ಸಿಗುತ್ತದೆ, ಯಾವುದರಲ್ಲಿ ಇಲ್ಲ ಎಂದು ಜಲಗಾರರಿಂದ ತೊಳೆಸಿ ನೋಡಿದರು. ಆಮೇಲೆ ಆ ಹಳ್ಳಗಳು ಯಾವ ಬಗೆಯ ಕಲ್ಲಿನ ಮೇಲೆ ಹರಿದು ಬರುತ್ತವೆ ಎಂದು ಹಿಂದಕ್ಕೆ ನಡೆದು ಹುಡುಕಿದರು. ಹೆಚ್ಚು ಚಿನ್ನ ಕೊಟ್ಟದ್ದು ಸೊರಟೂರಿನ ಹಳ್ಳ. ಅದು ಹರಿಯುವ ಹಸಿರುಗಪ್ಪು ಕಲ್ಲುಗಳ ಗುಂಪಿಗೆ ಸೊರಟೂರಿನ ಹೆಸರನ್ನೇ ಕೊಟ್ಟು, ಚಿನ್ನದ ಮೂಲ ಅಲ್ಲಿದೆ ಎಂದರು. ಮರಳಿನ ಚಿನ್ನ ಸಂಪತ್ತು ಅಲ್ಲದೆ ಇರಬಹುದು, ಆದರೆ ಅದು ದಾರಿ ತೋರಿಸುವ ಗುರುತು. ಇಂದಿಗೂ ಭೂವಿಜ್ಞಾನಿಗಳು ಹೊಸ ಜಾಗದಲ್ಲಿ ಮೊದಲು ಮಾಡುವುದು ಹಳ್ಳದ ಮಣ್ಣಿನ ಪರೀಕ್ಷೆಯನ್ನೇ.

ಕೋಲಾರದ ಕತೆಯೂ ಹೀಗೆಯೇ ಶುರುವಾದದ್ದು. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದಿದ್ದ ಜಾನ್ ವಾರೆನ್, ಚಿನ್ನ ತೋರಿಸಿದವರಿಗೆ ಇನಾಮು ಎಂದು ಸಾರಿದರು. ಹಳ್ಳಿಗರು ಗಾಡಿಯಲ್ಲಿ ಮಣ್ಣು ತುಂಬಿ ತಂದು ಅವರ ಕಣ್ಣೆದುರೇ ತೊಳೆದು ತೋರಿಸಿದರು. ಲೆಕ್ಕ ಸಿಕ್ಕಿದ್ದು ಸುಮಾರು 56 ಕಿಲೊ ಮಣ್ಣಿಗೆ ಒಂದು ಗ್ರೇನ್, ಅಂದರೆ 0.065 ಗ್ರಾಂ. ಅದನ್ನು ನಂಬಿ ದೊಡ್ಡ ಗಣಿ ಶುರುವಾಗಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಬಾವಿಗಳು ಆಳಕ್ಕಿಳಿದವು, ಕೊನೆಗೆ ಮೂರು ಕಿಲೊಮೀಟರ್ ದಾಟಿದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತ್ತು.

ಹಾಗಾದರೆ ಗದಗ ಇನ್ನೊಂದು ಕೋಲಾರ ಯಾಕೆ ಆಗಲಿಲ್ಲ?

ಪ್ರಯತ್ನ ಆಗಲಿಲ್ಲ ಅಂತಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಕಬಲಾಯತಕಟ್ಟಿ, ಹೊಸೂರು ಸುತ್ತ ಕಂಪನಿಗಳು ಬಾವಿ ತೋಡಿದವು, ಯಂತ್ರ ತಂದವು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೆಲಸ ನಿಂತಿತು. ಚಿನ್ನ ಇತ್ತು, ಆದರೆ ಬೆಣಚುಕಲ್ಲಿನ ಎಳೆಗಳು ತೆಳು. ಒಂದೆಡೆ ಚೆನ್ನಾಗಿದ್ದದ್ದು ಸ್ವಲ್ಪ ದೂರ ಹೋದರೆ ಬರಿದು. ಚಿನ್ನದ ಒಂದಷ್ಟು ಭಾಗ ಗಂಧಕ, ಶಂಖಪಾಷಾಣ ಇರುವ ಖನಿಜಗಳ ಒಳಗೆ ಸೇರಿಕೊಂಡಿದ್ದರೆ ಪುಡಿ ಮಾಡಿ ತೊಳೆದ ಮಾತ್ರಕ್ಕೆ ಕೈಗೆ ಬರುವುದೂ ಇಲ್ಲ. ಕೋಲಾರದ ಚಾಂಪಿಯನ್ ರೀಫ್ ಮೈಲುಗಟ್ಟಲೆ ಉದ್ದಕ್ಕೆ, ಮೈಲಿಗಟ್ಟಲೆ ಆಳಕ್ಕೆ ಎಡೆಬಿಡದೆ ಹೋಯಿತು. ಅಂಥದ್ದು ಊರಿಗೊಂದು ಇರುವುದಿಲ್ಲ.

ಹಳ್ಳದ ಚಿನ್ನಕ್ಕೆ ಇನ್ನೂ ಒಂದು ತೊಡಕು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1851ರಲ್ಲಿ ಆಸ್ಟ್ರೇಲಿಯಾದಲ್ಲಿ ಸಾವಿರಾರು ಜನ ಬಾಣಲೆ ಹಿಡಿದು ಓಡಿದ್ದು ನಿಜ. ಕೆಲವರು ಶ್ರೀಮಂತರಾದದ್ದೂ ನಿಜ. ಅಲ್ಲಿ ದೊಡ್ಡ ನದಿಗಳು ಲಕ್ಷಾಂತರ ವರ್ಷ ಜಾಲಿಸಿ ಕೂಡಿಸಿಟ್ಟ ಜಲ್ಲಿಯ ರಾಶಿಯನ್ನು ಅಲ್ಲಿಯವರೆಗೆ ಯಾರೂ ಹಾಗೆ ತೊಳೆದಿರಲಿಲ್ಲ. ನಮ್ಮ ಗುಡ್ಡದ ಹಳ್ಳಗಳು ಮೂರು ತಿಂಗಳು ಹರಿದು ಒಂಬತ್ತು ತಿಂಗಳು ಒಣಗುವಂಥವು. ಮರಳಿನ ಪದರ ತೆಳು. ಮೇಲಾಗಿ ತಲೆಮಾರುಗಳಿಂದ ಜಲಗಾರರು ತೊಳೆದು ಬಿಟ್ಟ ಮರಳು ಅದು.

ಲೆಕ್ಕ ಹಾಕಿ ನೋಡೋಣ. ಒಂದು ಟನ್ ಮರಳಿನಲ್ಲಿ 0.1 ಗ್ರಾಂ ಚಿನ್ನ ಇದೆ ಎಂದು ಹಿಡಿಯಿರಿ. ಇದು ಲೆಕ್ಕಕ್ಕೆ ನಾವು ಹಿಡಿದ ಅಂಕಿ, ಯಾವ ಹಳ್ಳದ ಅಳತೆಯೂ ಅಲ್ಲ. ಒಬ್ಬ ಗಟ್ಟಿ ಆಳು ದಿನಕ್ಕೆ ನೂರು ಮರಿಗೆ, ಮರಿಗೆಗೆ 8 ಕಿಲೊದಂತೆ 800 ಕಿಲೊ ಮರಳು ತೊಳೆದ ಎನ್ನಿ. ಸಿಗುವುದು 0.08 ಗ್ರಾಂ. ಪತ್ತಾರರ ಹಳೆಯ ತೂಕದಲ್ಲಿ ಒಂದು ಗುಲಗಂಜಿಗೂ ಕಡಿಮೆ. ಗ್ರಾಮಿಗೆ 10,000 ರೂಪಾಯಿ ಹಿಡಿದರೆ 800 ರೂಪಾಯಿ. ಅದರಲ್ಲಿ ಅರ್ಧದಷ್ಟು ಸಣ್ಣ ಕಣಗಳು ನೀರಿನ ಜೊತೆ ಹೋಗಿಯೇ ಹೋಗುತ್ತವೆ. ದಿನವಿಡೀ ಸೊಂಟ ಬಗ್ಗಿಸಿ ನಿಂತದ್ದಕ್ಕೆ ಬಂದದ್ದು ಹೊಲದ ಕೂಲಿಯಷ್ಟು. ಜಲಗಾರರು ತಲೆಮಾರುಗಟ್ಟಲೆ ಚಿನ್ನ ತೊಳೆದೂ ಬಡವರಾಗಿಯೇ ಉಳಿದದ್ದು ಯಾಕೆ ಎನ್ನುವುದಕ್ಕೆ ಈ ಲೆಕ್ಕ ಸಾಕು.

‘ಸರ್ಕಾರ ಮುಚ್ಚಿಟ್ಟ ಸತ್ಯ’ ಎಂಬ ಸಾಲಿನ ಬಗ್ಗೆಯೂ ಒಂದು ಮಾತು. ಮುಚ್ಚಿಟ್ಟದ್ದು ಏನೂ ಇಲ್ಲ. 1874ರ ವರದಿ ಅಚ್ಚಾಗಿದೆ. ಹಾವೇರಿ ಬಳಿಯ ಗಣಜೂರಿನಲ್ಲಿ ಖಾಸಗಿ ಕಂಪನಿಯೊಂದು ಕೊರೆದು ಚಿನ್ನದ ಅದಿರು ಗುರುತಿಸಿದ್ದು ಪತ್ರಿಕೆಗಳಲ್ಲಿ ಬಂದಿದೆ. ಅದು ಹಳ್ಳದ ಪುಡಿಚಿನ್ನವಲ್ಲ, ಕಲ್ಲಿನೊಳಗೆ ಬರಿಗಣ್ಣಿಗೆ ಕಾಣದಂತೆ ಸೇರಿರುವುದು. ಬಾಣಲೆ ಹಿಡಿದು ಹೋದವರಿಗೆ ಅಲ್ಲಿ ಕಲ್ಲೇ ಕಾಣುತ್ತದೆ. ಕಪ್ಪತಗುಡ್ಡವಂತೂ ಗಣಿ ಬೇಡ ಎಂಬ ದೊಡ್ಡ ಹೋರಾಟ ಕಂಡು, 2019ರಲ್ಲಿ ವನ್ಯಜೀವಿಧಾಮವಾಗಿದೆ. ಅಲ್ಲಿ ಹೋಗಿ ಅಗೆದರೆ ಸಿಗುವುದು ಕೇಸು.

ಹಳೆ ಕಾಲದ ಫಾರ್ವರ್ಡು

ಚಿನ್ನದ ಸುದ್ದಿಯಿಂದ ಮೋಸ ಹೋಗುವುದಕ್ಕೆ ವಾಟ್ಸಾಪೇ ಬೇಕಾಗಿಲ್ಲ. 1879ರಿಂದ ಒಂದೆರಡು ವರ್ಷ ವಯನಾಡಿನ ಚಿನ್ನದ ಸುದ್ದಿ ಲಂಡನ್ನಿನಲ್ಲಿ ಹಬ್ಬಿತು. ಅಲ್ಲಿಯೂ ಹಿಂದಿನಿಂದ ಮಣ್ಣು ತೊಳೆಯುವವರಿದ್ದರು, ಅಲ್ಲಿಯೂ ಬೆಣಚುಕಲ್ಲಿನ ಎಳೆಗಳಿದ್ದವು. ಹತ್ತಾರು ಕಂಪನಿಗಳು ಹುಟ್ಟಿ ಷೇರು ಮಾರಿದವು. ಕಾಫಿ ತೋಟಗಳು ಗಣಿಯ ಹೆಸರಲ್ಲಿ ದುಬಾರಿ ಬೆಲೆಗೆ ಕೈ ಬದಲಾಯಿಸಿದವು. ಕೆಲವೇ ವರ್ಷಗಳಲ್ಲಿ ಎಲ್ಲ ಮುಳುಗಿತು. ದುಡ್ಡು ಮಾಡಿಕೊಂಡವರು ತೋಟ ಮಾರಿದವರು, ಷೇರು ಮಾರಿದವರು. ಅಗೆದವರಲ್ಲ.

ಹುಡುಕಾಟದಿಂದ ಬೇರೇನೋ ಸಿಕ್ಕಿದ ಉದಾಹರಣೆಯೂ ನಮ್ಮಲ್ಲಿದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಅರಸುತ್ತ ಮಸ್ಕಿಗೆ ಬಂದಾಗ ಕಣ್ಣಿಗೆ ಬಿದ್ದದ್ದು ಅಶೋಕನ ಶಾಸನ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಖಚಿತವಾದದ್ದು ಆ ಕಲ್ಲಿನಿಂದ.

ಆ ಮಶಿನ್ ಏನು ಮಾಡುತ್ತದೆ?

ಈಗ ಮಾಮಾನ 8,000 ರೂಪಾಯಿಗೆ ಬರೋಣ. ನಿಜವಾದ ಮೆಟಲ್ ಡಿಟೆಕ್ಟರ್ ಎಂಬ ಯಂತ್ರ ಇದೆ. ಅದರ ಸುರುಳಿಯಿಂದ ಹೊಮ್ಮುವ ಕಾಂತಕ್ಷೇತ್ರ ಹತ್ತಿರದ ಲೋಹದಲ್ಲಿ ವಿದ್ಯುತ್ ಹುಟ್ಟಿಸುತ್ತದೆ, ಅದರ ಪ್ರತಿಧ್ವನಿಯನ್ನು ಯಂತ್ರ ಗುರುತಿಸುತ್ತದೆ. ನಾಣ್ಯ, ಮೊಳೆ, ಗಟ್ಟಿಯಂಥ ಚೂರು ಅಂಗೈ ಆಳದಲ್ಲಿದ್ದರೆ ಸಿಗುತ್ತದೆ. ಟನ್ ಮರಳಿನಲ್ಲಿ ಚದುರಿದ ಧೂಳಿನಂಥ ಕಣಗಳಿಂದ ಅದಕ್ಕೆ ಏನೂ ಕೇಳಿಸುವುದಿಲ್ಲ. ಅದೇ ಹಳ್ಳದ ಕರಿಮರಳು, ಕೆಂಪು ಜಂಬಿಟ್ಟಿಗೆ ಕಲ್ಲಿನ ಕಬ್ಬಿಣ ಮಾತ್ರ ಸುಮ್ಮಸುಮ್ಮನೆ ಕೂಗಿಸುತ್ತವೆ.

ವಿಡಿಯೊದವರು ತೋರಿಸುವುದು ಅದೂ ಅಲ್ಲ. ಹಿಡಿಕೆಗೆ ಸಿಕ್ಕಿಸಿದ ಎರಡು ಕಡ್ಡಿ, ಚಿನ್ನದ ಕಡೆಗೆ ತಾನಾಗಿ ತಿರುಗುತ್ತದಂತೆ, ಅದೂ ನೂರಾರು ಅಡಿ ದೂರದಿಂದ. ಇಂಥದ್ದೇ ಕಡ್ಡಿಯನ್ನು ಎಡಿಇ-651 ಎಂಬ ಹೆಸರಲ್ಲಿ ಬಾಂಬ್ ಹುಡುಕುವ ಯಂತ್ರವೆಂದು ಇರಾಕ್ ಸರ್ಕಾರಕ್ಕೆ ಕೋಟ್ಯಂತರಕ್ಕೆ ಮಾರಿದ್ದರು. ಒಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. ಅದರ ಮೂಲ, ಕಳೆದ ಗಾಲ್ಫ್ ಚೆಂಡು ಹುಡುಕಲೆಂದು ಮಾರುತ್ತಿದ್ದ ಅಗ್ಗದ ಆಟಿಕೆ. ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ 10 ವರ್ಷ ಜೈಲು ವಿಧಿಸಿತು. ಕಡ್ಡಿ ತಿರುಗಿಸುವುದು ಹಿಡಿದವರ ಮಣಿಕಟ್ಟೇ, ಅವರಿಗೇ ಗೊತ್ತಾಗದಂತೆ.

ಈ ಜಾಲದ ಅಣ್ಣನಂಥದ್ದು ನಕಲಿ ನಾಣ್ಯದ ವ್ಯಾಪಾರ. ‘ಮನೆ ಪಾಯ ತೋಡುವಾಗ ಬಂಗಾರದ ನಾಣ್ಯ ಸಿಕ್ಕಾವ, ಅರ್ಧ ರೇಟಿಗೆ ಕೊಡ್ತೀವಿ’ ಎಂದು ಫೋನ್ ಬರುತ್ತದೆ. ಪರೀಕ್ಷೆಗೆಂದು ಕೊಡುವ ಒಂದೆರಡು ನಾಣ್ಯ ಅಸಲಿಯೇ ಇರುತ್ತವೆ. ಪತ್ತಾರರ ಒರೆಗಲ್ಲಿನಲ್ಲೂ ಪಾಸಾಗುತ್ತವೆ. ಆಮೇಲೆ ಲಕ್ಷಗಟ್ಟಲೆ ಕೊಟ್ಟು ತಂದ ಚೀಲದ ತುಂಬ ಹಿತ್ತಾಳೆ. ಹಾವೇರಿ, ದಾವಣಗೆರೆ, ಬಳ್ಳಾರಿ ಸುತ್ತ ಪೊಲೀಸರು ಇಂಥ ಪ್ರಕರಣಗಳನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ. ಹಳ್ಳದ ಚಿನ್ನದ ವಿಡಿಯೊ ನೋಡಿ ‘ನಮ್ಮ ಕಡೆ ಸಿಗೋದು ಖರೇ’ ಎಂದು ನಂಬಿ ಕೂತವರಿಗೆ ಈ ಫೋನ್ ಬಂದರೆ ಮುಂದಿನದು ಸಲೀಸು.

ನಿಮ್ಮ ಹಳ್ಳದಲ್ಲೂ ಏನೋ ಮಿನುಗುತ್ತಿದೆಯೇ?

ಮಿನುಗುವುದರಲ್ಲಿ ಹೆಚ್ಚಿನದು ಅಭ್ರಕ. ನಮ್ಮ ಹಿರಿಯರು ಅದಕ್ಕೆ ಇಟ್ಟ ಹೆಸರೇ ಕಾಗೆಬಂಗಾರ. ಉಗುರಿನಿಂದ ಎಬ್ಬಿಸಿದರೆ ತೆಳು ಹಾಳೆಯಾಗಿ ಬಿಡುತ್ತದೆ, ನೀರಿನಲ್ಲಿ ತೇಲಾಡುತ್ತದೆ, ಬಿಸಿಲಿಗೆ ತಿರುಗಿಸಿದರೆ ಹೊಳಪು ಬಂದು ಹೋಗುತ್ತದೆ. ಚಿನ್ನ ನೆರಳಿನಲ್ಲೂ ಅದೇ ಹಳದಿ. ಇನ್ನೊಂದು ಪೈರೈಟ್, ಕಬ್ಬಿಣ ಮತ್ತು ಗಂಧಕದ ಖನಿಜ. ಅದನ್ನು ಒಂದು ಕಲ್ಲಿನ ಮೇಲಿಟ್ಟು ಇನ್ನೊಂದರಿಂದ ಕುಟ್ಟಿ. ಪುಡಿಪುಡಿಯಾಗುತ್ತದೆ, ಪುಡಿಯ ಬಣ್ಣ ಹಸಿರುಗಪ್ಪು. ಚಿನ್ನ ಒಡೆಯುವುದಿಲ್ಲ, ಚಪ್ಪಟೆಯಾಗುತ್ತದೆ. ಇಷ್ಟು ಪರೀಕ್ಷೆ ಮನೆಯಲ್ಲೇ ಮಾಡಬಹುದು.

ಮಾಡಲೇಬಾರದ್ದು ಒಂದಿದೆ. ಕೆಲವು ವಿಡಿಯೊಗಳಲ್ಲಿ ಮರಳಿಗೆ ಪಾದರಸ ಸುರಿದು ಉಜ್ಜಿ, ಚಿನ್ನ ಹಿಡಿದ ಉಂಡೆಯನ್ನು ಒಲೆಯ ಮೇಲೆ ಕಾಯಿಸುತ್ತಾರೆ. ಪಾದರಸ ಆವಿಯಾಗಿ ಹಾರಿ ಚಿನ್ನ ಉಳಿಯುತ್ತದೆ ಎನ್ನುವುದು ಸರಿ. ಆ ಆವಿ ಹೋಗುವುದು ಒಲೆ ಮುಂದೆ ಕೂತವರ ಶ್ವಾಸಕೋಶಕ್ಕೆ, ಅಲ್ಲಿಂದ ಮಿದುಳು ಮತ್ತು ಮೂತ್ರಪಿಂಡಕ್ಕೆ. ಮನೆಯಲ್ಲಿ ಬಸುರಿಯರು, ಮಕ್ಕಳಿದ್ದರೆ ಅಪಾಯ ಇನ್ನೂ ಹೆಚ್ಚು. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಪಾದರಸದಲ್ಲಿ ಅತಿ ದೊಡ್ಡ ಪಾಲು ಇಂಥ ಸಣ್ಣ ಪ್ರಮಾಣದ ಚಿನ್ನದ ಕೆಲಸದಿಂದಲೇ ಬರುತ್ತದೆ.

ಕಾನೂನನ್ನೂ ತಿಳಿದಿರಿ. ಹೊಲ ನಿಮ್ಮದೇ ಆದರೂ ಗುತ್ತಿಗೆ ಇಲ್ಲದೆ ಚಿನ್ನದ ಗಣಿಗಾರಿಕೆ ಮಾಡುವಂತಿಲ್ಲ, 1957ರ ಗಣಿ ಮತ್ತು ಖನಿಜ ಕಾಯ್ದೆ ಇದೆ. ಹಿಂದಿನವರು ಹೂತಿಟ್ಟ ನಾಣ್ಯ, ಒಡವೆ ಸಿಕ್ಕರೆ ಅದು ಬೇರೆ ಮಾತು, ಆದರೆ ಅದನ್ನೂ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಹಾಗಾಗಿ ‘ಗುಟ್ಟಾಗಿ ಮಾರ್ತೀವಿ’ ಎನ್ನುವವರು ಅಸಲಿ ಮಾಲನ್ನೇ ಕೊಟ್ಟರೂ ಕೊಂಡವರು ಸಿಕ್ಕಿಬೀಳುತ್ತಾರೆ.

ಮಾಮಾ ರೊಕ್ಕ ಹಾಕಿಲ್ಲ. “ಹಂಗಾದ್ರ ನಮ್ಮ ಹಳ್ಳದಾಗ ಒಂದ್ ಗುಲಗಂಜಿನೂ ಇಲ್ಲೇನು?” ಎಂದು ಇನ್ನೂ ಕೇಳುತ್ತಿದ್ದಾರೆ. ಮಳೆ ನಿಂತ ಮೇಲೆ ಮರಿಗೆ ಬೇಡ, ಅಕ್ಕಿ ಜಾಲಿಸುವ ಪಾತ್ರೆಯಲ್ಲೇ ನಾಲ್ಕು ಮುಷ್ಟಿ ಮರಳು ತಿರುಗಿಸಿ ಕರಿಮರಳು ನೋಡೋಣ ಎಂದಿದ್ದೇವೆ. ನಿಮ್ಮ ಮನೆಯಲ್ಲಿ ಯಾರಾದರೂ ಆಗಲೇ ಇಂಥ ನಂಬರಿಗೆ ಹಣ ಕಳಿಸಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕಳಿಸಿದ ರಸೀದಿಯ ಸ್ಕ್ರೀನ್‌ಶಾಟ್, ಅವರ ನಂಬರು, ಆ ವಿಡಿಯೊ ಮೂರನ್ನೂ ಅಳಿಸದೆ ಇಟ್ಟುಕೊಳ್ಳಿ.